ಕಲ್ಯದ ನೆಲಕ್ಕೆ ಯಾವ ವಿಲೋ?

ಅಂಗೈ ಎತ್ತರವೂ ಬೆಳೆಯದೆ ಬಂಡೆಗೆ ಅಂಟಿ ಹರಡುವ ಹಿಮಾಲಯದ ಕುಳ್ಳ ವಿಲೋ ಗಿಡವನ್ನು ಮಾಗಡಿ ಕಡೆಯೂ ಬೆಳೆಸೋಣ ಅನ್ನಿಸಿದೆಯಾ? ಬೇಡ. ಅದಕ್ಕೆ ತಿಂಗಳುಗಟ್ಟಲೆ ಹಿಮದಡಿಯ ವಿಶ್ರಾಂತಿ ಬೇಕು. ನಮ್ಮ ಸಾವನದುರ್ಗ 1,226 ಮೀಟರ್ ಎತ್ತರವಿದ್ದರೂ ಅಲ್ಲಿನ ಚಳಿ ಸಾಲದು.

ಅದೇ ಕುಲದ ಮರವೊಂದು ನಮ್ಮ ನಾಡಿನಲ್ಲೇ ಇದೆ: ನೀರುವಂಜಿ. ಹೊಳೆ, ಹಳ್ಳದ ದಂಡೆಯೇ ಅದರ ಜಾಗ. ಮಾಗಡಿ ಕಡೆಯ ಕಲ್ಯದಂಥ ಊರಿನಲ್ಲಿ ಕೆರೆ ಕೋಡಿಯ ಪಕ್ಕವೋ, ತೋಟದಲ್ಲಿ ನೀರು ಬಸಿಯುವ ತಗ್ಗೋ ನೋಡಿ.

ಬೀಜ ನಂಬಬೇಡಿ, ಕೆಲವೇ ದಿನಗಳಲ್ಲಿ ಅದರ ಜೀವ ಹೋಗುತ್ತೆ. ಮುಂಗಾರಿನ ಶುರುವಿನಲ್ಲಿ ಹೆಬ್ಬೆರಳು ದಪ್ಪದ, ಮೊಳದುದ್ದದ ಕಡ್ಡಿ ಕತ್ತರಿಸಿ. ಬುಡ ಕೆಳಗಿರಲಿ, ಅರ್ಧಕ್ಕಿಂತ ಹೆಚ್ಚು ಮಣ್ಣೊಳಗೆ ಹೋಗಲಿ. ಒಳ್ಳೆ ಬಿಸಿಲು ಬೀಳಬೇಕು. ನಮ್ಮ ಕೆಂಪುಮಣ್ಣು ಬೇಗ ಒಣಗುತ್ತೆ; ಕೊಟ್ಟಿಗೆ ಗೊಬ್ಬರ ಬೆರೆಸಿ, ಬುಡಕ್ಕೆ ತರಗೆಲೆ ಹೊದಿಸಿ. ಮೊದಲ ಬೇಸಿಗೆಯೇ ನಿಜವಾದ ಪರೀಕ್ಷೆ, ತೇವ ಆರಲೇಬಾರದು. ಮೇಕೆ ಬಾಯಿಗೆ ಸಿಗದಂತೆ ಮುಳ್ಳುಬೇಲಿ ಕಟ್ಟಿ.

ಬೇರು ನೀರು ಹುಡುಕಿಕೊಂಡು ಹೋಗುತ್ತೆ. ಮನೆಯ ಪಾಯ, ಪೈಪುಗಳಿಂದ ದೂರ ನೆಡಿ.

ಕಡ್ಡಿಗಾಗಿ ಹೊಳೆ ದಂಡೆಯ ಮರ ಕಡಿಯಬೇಡಿ, ಒಂದು ಕೊಂಬೆ ಸಾಕು. ಮಳೆಗಾಲದಲ್ಲಿ ದಂಡೆಯ ಮಣ್ಣು ಕೊಚ್ಚಿಹೋಗದಂತೆ ಹಿಡಿದಿರುವುದು ಅದರ ಬೇರೇ.