ನೆಲೆಸುವ ಮುನ್ನ ನೆಲದ ಪರೀಕ್ಷೆ

ಪ್ರವಾಹ, ಹಿಮಗಾಳಿ, ವಿದ್ಯುತ್ ವೈಫಲ್ಯ ಯಾವುದೇ ಬಂದರೂ ಕೆಲವು ವಾರ ಹೊರಗಿನ ನೆರವಿಲ್ಲದೆ ಬದುಕಬಲ್ಲ ಸಣ್ಣ ತೋಟದ ಮನೆ ಬೇಕೆಂಬ ಹಂಬಲ ಅಮೆರಿಕದ ಹಲವು ಕುಟುಂಬಗಳಿಗಿದೆ. ಮಳೆ, ಮಣ್ಣು ಎರಡೂ ಚೆನ್ನಾಗಿರುವ ಮಧ್ಯ-ಪಶ್ಚಿಮ ರಾಜ್ಯಗಳು ಅಂಥವರನ್ನು ಸೆಳೆಯುತ್ತವೆ. ಆದರೆ ಜಾಗ ಆರಿಸುವುದು ಹೇಗೆ? ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿಯನ್ನು ಉದಾಹರಣೆಯಾಗಿ ನೋಡೋಣ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ವರ್ನನ್‌ನ ವಿಸ್ತೀರ್ಣ ಸುಮಾರು 2,100 ಚದರ ಕಿ.ಮೀ.; 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 30,000.

ಮೊದಲು ನೋಡಬೇಕಾದುದು ಭೂರಚನೆ. ಹಿಮಯುಗದ ಹಿಮನದಿಗಳು ಸುತ್ತಲಿನ ನೆಲವನ್ನು ಸವರಿ ಮಟ್ಟ ಮಾಡಿದರೂ ಈ ಭಾಗವನ್ನು ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಎತ್ತರದ ದಿಣ್ಣೆಗಳೂ ಆಳವಾದ ಕಣಿವೆಗಳೂ ಉಳಿದಿವೆ. ದಿಣ್ಣೆಗಳ ಮೇಲಿರುವುದು ಗಾಳಿ ಹೊತ್ತು ತಂದ ನುಣುಪಾದ, ಫಲವತ್ತಾದ ಮಣ್ಣು. ಇಳಿಜಾರಿನಲ್ಲಿ ಉತ್ತರೆ ಅದು ಬೇಗ ಕೊಚ್ಚಿಹೋಗುತ್ತದೆ. ಅಮೆರಿಕದ ಮೊದಲ ಜಲಾನಯನ ಮಣ್ಣು ಸಂರಕ್ಷಣಾ ಪ್ರಾತ್ಯಕ್ಷಿಕೆ 1933ರಲ್ಲಿ ಇಲ್ಲಿನ ಕೂನ್ ಕ್ರೀಕ್ ಪ್ರದೇಶದಲ್ಲಿ ಆರಂಭವಾದದ್ದು ಇದೇ ಕಾರಣಕ್ಕೆ. ಇಳಿಜಾರಿಗೆ ಅಡ್ಡಲಾಗಿ ಹುಲ್ಲು ಮತ್ತು ಬೆಳೆಗಳ ಪಟ್ಟಿಗಳನ್ನು ಬೆಳೆಸುವ ಪದ್ಧತಿ ಇಂದಿಗೂ ಅಲ್ಲಿದೆ.

ಎರಡನೆಯದು ನೀರು. ತಳದ ಸುಣ್ಣಕಲ್ಲಿನ ಜಾತಿಯ ಶಿಲೆಯಲ್ಲಿ ಬಿರುಕುಗಳು ಹೇರಳ. ಮೇಲಿನ ಗೊಬ್ಬರ, ಕೊಳಕು ಸರಿಯಾಗಿ ಸೋಸಿಹೋಗದೆ ಅಂತರ್ಜಲ ಸೇರಬಲ್ಲವು. ಆದ್ದರಿಂದ ಖಾಸಗಿ ಕೊಳವೆ ಬಾವಿಯ ನೀರನ್ನು ಬ್ಯಾಕ್ಟೀರಿಯ ಮತ್ತು ನೈಟ್ರೇಟ್‌ಗಾಗಿ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್-ನೈಟ್ರೊಜನ್ ಮೀರಿದ ನೀರು ಹಸುಳೆಗಳ ರಕ್ತ ಆಮ್ಲಜನಕ ಒಯ್ಯುವುದಕ್ಕೆ ಅಡ್ಡಿಯಾಗಬಹುದು.

ಮೂರನೆಯದು ಪ್ರವಾಹ. 2018ರ ಆಗಸ್ಟ್ 27-28ರ ರಾತ್ರಿ ಇಲ್ಲಿ ಭಾರಿ ಮಳೆ ಸುರಿದು, ಪ್ರವಾಹ ತಡೆಯಲೆಂದೇ ಕಟ್ಟಿದ್ದ ಐದು ಸಣ್ಣ ಅಣೆಕಟ್ಟುಗಳು ಒಡೆದವು. ಮಣ್ಣಿನ ಕಟ್ಟೆಯು ಬೆಟ್ಟದ ಬಿರುಕುಬಿಟ್ಟ ಮರಳುಗಲ್ಲನ್ನು ಕೂಡುವ ಕಡೆಯೇ ಅವುಗಳ ದುರ್ಬಲ ಸ್ಥಾನವಾಗಿತ್ತು. ಮೇಲ್ಭಾಗದಲ್ಲಿ ಅಣೆಕಟ್ಟು ಇದೆಯೆಂದು ಕಣಿವೆಯಲ್ಲಿ ನಿಶ್ಚಿಂತೆಯಿಂದ ಇರುವಂತಿಲ್ಲ. ‘ನೂರು ವರ್ಷಕ್ಕೊಮ್ಮೆಯ ಪ್ರವಾಹ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ಅದರ ಅರ್ಥ, ಪ್ರತಿ ವರ್ಷವೂ ಅದು ಬರುವ ಸಂಭವ ನೂರಕ್ಕೆ ಒಂದು ಎಂದು. ಅಂಥ ಪ್ರದೇಶದಲ್ಲಿ 30 ವರ್ಷ ವಾಸಿಸಿದರೆ ಒಮ್ಮೆಯಾದರೂ ಪ್ರವಾಹ ಕಾಣುವ ಸಂಭವ ಸುಮಾರು ಶೇ. 26.

ಹಾಗಾದರೆ ದಿಣ್ಣೆಯ ಮೇಲೆಯೇ ಮನೆ ಕಟ್ಟಬಹುದಲ್ಲ? ಪ್ರವಾಹದ ಭಯವೇನೋ ತಪ್ಪುತ್ತದೆ. ಆದರೆ ಅಲ್ಲಿ ನೀರು ಬಹಳ ಆಳದಲ್ಲಿರುತ್ತದೆ. ವಿದ್ಯುತ್ ನಿಂತರೆ ಪಂಪೂ ನಿಲ್ಲುತ್ತದೆ. 2019ರ ಜನವರಿ ಕೊನೆಯಲ್ಲಿ ಈ ಭಾಗದ ಉಷ್ಣತೆ -30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಿತ್ತು. ಅಂಥ ಚಳಿಯಲ್ಲಿ ಸೌದೆ ಒಲೆ, ಸಂಗ್ರಹಿಸಿದ ನೀರು, ಪಂಪಿಗೆ ಬದಲಿ ವಿದ್ಯುತ್ ಮೂರೂ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಕಣಿವೆಯಲ್ಲಾದರೆ ಚಿಲುಮೆಗಳುಂಟು, ಜೊತೆಗೆ ಪ್ರವಾಹವೂ ಉಂಟು.

ಆದ್ದರಿಂದ ಪ್ರವಾಹ ಮುಟ್ಟದ, ಇಳಿಜಾರು ಕಡಿಮೆಯಿರುವ, ನೀರು ತೀರ ಆಳದಲ್ಲಿಲ್ಲದ ತಾಣವನ್ನು ಹುಡುಕುವುದು ಜಾಣತನ. ಕೌಂಟಿಯ ಸರಾಸರಿ ಅಂಕಿಗಳು ಇದನ್ನು ಹೇಳಲಾರವು. ಮಣ್ಣಿನ ನಕ್ಷೆ, ಪ್ರವಾಹ ನಕ್ಷೆ, ಬಾವಿಯ ದಾಖಲೆಗಳನ್ನು ಒಂದೊಂದು ಜಮೀನಿಗೂ ಬೇರೆಯಾಗಿ ನೋಡಬೇಕು. ಆಪತ್ತಿನ ದಿನ ಕುಟುಂಬವನ್ನು ಕಾಯುವುದು ಕೌಂಟಿಯ ಹೆಸರಲ್ಲ, ಮನೆ ನಿಂತಿರುವ ನೆಲ.