ಬೀಜದ ಚಕ್ಕೋತ, ಗೂಟಿಯ ಚಕ್ಕೋತ

ಚೌತಿ ಹತ್ತಿರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಗಣಪತಿಯ ಮೇಲೆ ಫಲಾವಳಿ ಕಟ್ಟಲು ಚಕ್ಕೋತ ಹುಡುಕುವ ಗಡಿಬಿಡಿ. ಹಿತ್ತಲಲ್ಲೇ ಒಂದು ಮರವಿದ್ದರೆ ಆ ಚಿಂತೆಯಿಲ್ಲ. ಬೀಜ ಹಾಕಿ ಮರ ಮಾಡಿದ ನನ್ನ ಅನುಭವವನ್ನು, ಅದರಲ್ಲಿ ನಾನು ಮಾಡಿದ ತಪ್ಪನ್ನೂ ಸೇರಿಸಿ, ಸೋದರಿಯರ ಮುಂದಿಡುತ್ತಿದ್ದೇನೆ.

ನಮ್ಮ ಅತ್ತೆಯವರ ತವರು ಹೊಸನಗರ ತಾಲ್ಲೂಕಿನ ಶರಾವತಿ ದಂಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಮುಳುಗಿತು. ಮನೆ ಬಿಡುವ ಮೊದಲೇ ಅವರ ಅಜ್ಜ ಹಿತ್ತಲಿನ ಕೆಂಪು ತೊಳೆಯ ಚಕ್ಕೋತಕ್ಕೆ ಗೂಟಿ ಕಟ್ಟಿ, ಆ ಗಿಡವನ್ನು ಪಾತ್ರೆ ಪಡಗದ ಜೊತೆ ಗಾಡಿಯಲ್ಲಿಟ್ಟು ತೀರ್ಥಹಳ್ಳಿ ಕಡೆಗೆ ತಂದರಂತೆ. ಆ ಮರ ಈಗ ಅತ್ತೆಯವರ ತಮ್ಮನ ಮನೆಯಲ್ಲಿದೆ. ಮುಳುಗಿದ ಮನೆಯದೆಂದು ಉಳಿದದ್ದು ಅದೊಂದೇ.

ಹನ್ನೆರಡು ವರ್ಷದ ಹಿಂದೆ ಅಲ್ಲಿಂದ ಬಂದ ಹಣ್ಣಿನ ಬೀಜವನ್ನು ನಾನು ಹಾಕಿದೆ. ಚಕ್ಕೋತದ ಬೀಜ ಒಣಗಿದರೆ ಕೆಟ್ಟಿತು. ಹಣ್ಣು ಬಿಡಿಸಿದ ದಿನವೇ ಲೋಳೆ ಹೋಗುವಂತೆ ತೊಳೆದು, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿದ ಚಟ್ಟಿಯಲ್ಲಿ ಅರ್ಧ ಅಂಗುಲ ಆಳಕ್ಕೆ ಊರಬೇಕು. ಮೂರು ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂಡರೆ ಮೋಸಹೋಗಬೇಡಿ, ಅದು ಚಿಟ್ಟೆಯ ಹುಳು. ಕೈಯಲ್ಲೇ ಆರಿಸಿ ತೆಗೆಯಿರಿ. ಮರುವರ್ಷ ಮಳೆ ಹಿಡಿಯುವಾಗ ನೆಡಿ. ನಮ್ಮ ಕಡೆಯ ಮಳೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು.

ಒಂಬತ್ತನೆಯ ವರ್ಷ ನಾಲ್ಕು ಕಾಯಿ ಬಿಟ್ಟಿತು. ಮನೆಯವರೆಲ್ಲ ಸುತ್ತ ಕೂತು ಮೊದಲ ಹಣ್ಣು ಸುಲಿದೆವು. ತೊಳೆ ಬಿಳಿ! ಬಾಯಿಗಿಟ್ಟರೆ ಕಹಿ ಕಹಿ. ಅತ್ತೆಯವರು ಒಂದು ತೊಳೆ ತಿಂದು, "ಇದು ನಮ್ಮನೆ ಹಣ್ಣಲ್ಲ ಕೂಸೆ" ಎಂದು ಎದ್ದು ಒಳಗೆ ಹೋದರು. ಒಂಬತ್ತು ವರ್ಷ ಅವರನ್ನು ಕಾಯಿಸಿ ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು.

ಆಮೇಲೆ ತಿಳಿದವರನ್ನು ಕೇಳಿದೆ. ಕಿತ್ತಳೆ, ಮೂಸಂಬಿಯ ಒಂದು ಬೀಜದಲ್ಲಿ ಎರಡು ಮೂರು ಸಸಿ ಏಳುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಚಕ್ಕೋತದ ಬೀಜದಲ್ಲಿ ಒಂದೇ ಮೊಳಕೆ, ಅದು ಎರಡು ಕಡೆಯ ಗುಣ ಸೇರಿ ಹುಟ್ಟಿದ್ದು. ಎಷ್ಟೋ ಚಕ್ಕೋತ ಮರಗಳಲ್ಲಿ ತನ್ನದೇ ಪರಾಗದಿಂದ ಬೀಜ ಕಟ್ಟುವುದೇ ಇಲ್ಲ. ಹಾಗಾಗಿ ಮಗು ತಾಯಿಯಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಓದು ಬಾರದ ಅಜ್ಜ ಬೀಜ ಕಟ್ಟಿಕೊಳ್ಳದೆ ಗೂಟಿ ಕಟ್ಟಿದ್ದು ಯಾಕೆಂದು ಆಗ ನನಗೆ ಅರ್ಥವಾಯಿತು.

ಅಷ್ಟರಲ್ಲಿ ತೀರ್ಥಹಳ್ಳಿಯ ಮರದ ಬುಡದಲ್ಲಿ ಅಂಟು ಸುರಿಯತೊಡಗಿತ್ತು. ತಡಮಾಡದೆ ಜೂನ್ ತಿಂಗಳಲ್ಲಿ ಹೋಗಿ ಗೂಟಿ ಕಟ್ಟಿದೆವು. ಪೆನ್ಸಿಲ್ ದಪ್ಪದ, ರೋಗವಿಲ್ಲದ ಟೊಂಗೆಗೆ ಒಂದಂಗುಲ ಅಗಲ ಸುತ್ತಲೂ ಸಿಪ್ಪೆ ಬಿಡಿಸಿ, ಒದ್ದೆ ಪಾಚಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಎರಡೂ ತುದಿ ಕಟ್ಟಿದರಾಯಿತು. ಎರಡು ಮೂರು ತಿಂಗಳಲ್ಲಿ ಬೇರು ಕಾಣುತ್ತದೆ. ಆಗ ಕೆಳಗಿನಿಂದ ಕತ್ತರಿಸಿ ಚಟ್ಟಿಗೆ ಹಾಕಿ ನೆರಳಲ್ಲಿಡಿ. ನಾವು ಕಟ್ಟಿದ್ದು ಐದು, ಬದುಕಿದ್ದು ಎರಡು. ಗೂಟಿ ಗಿಡ ಮೂರು ನಾಲ್ಕು ವರ್ಷಕ್ಕೇ ಫಲ ಕೊಡುತ್ತದೆ.

ಬೀಜದ ಮರವನ್ನು ಕಡಿಯಲು ಮನಸ್ಸಾಗಲಿಲ್ಲ. ಅದರ ಹಣ್ಣು ಫಲಾವಳಿಗೆ ಆಯಿತು, ಗೊಜ್ಜಿಗೂ ಆಯಿತು. ತೊಳೆಯ ಮೇಲಿನ ಬಿಳಿ ಪೊರೆಯನ್ನೆಲ್ಲ ಬಿಡಿಸಿದರೆ ಕಹಿ ಅರ್ಧ ಕಡಿಮೆ. ಉದುರಿಸಿದ ತೊಳೆಗೆ ಉಪ್ಪು, ಬೆಲ್ಲ, ನುರಿದ ಸೂಜಿಮೆಣಸು ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಿ. ಕುದಿಸಬೇಡಿ. ಒಂದು ಎಚ್ಚರಿಕೆ: ರಕ್ತದೊತ್ತಡ, ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಆಗಿಬರುವುದಿಲ್ಲ. ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ನಿಮ್ಮ ಹಿತ್ತಲಿಗೆ ಯಾವುದಾದರೂ ಚಕ್ಕೋತ ಸಾಕೆಂದಿದ್ದರೆ ಬೀಜ ಹಾಕಿ. ಅಜ್ಜಿಮನೆಯ ಹಣ್ಣೇ ಬೇಕೆಂದಿದ್ದರೆ ಆ ಮರ ಇರುವಾಗಲೇ ಗೂಟಿ ಕಟ್ಟಿ. ನಮ್ಮ ಎರಡು ಗಿಡ ಈಗ ಸೊಂಟದೆತ್ತರ ಬಂದಿವೆ. ಎಪ್ಪತ್ತು ದಾಟಿದ ಅತ್ತೆಯವರು ದಿನಾ ಬೆಳಿಗ್ಗೆ ಅವುಗಳ ಎಲೆ ಮಗುಚಿ ಹುಳ ಹುಡುಕುತ್ತಾರೆ.