ಮಿಷನ್ ಆಸ್ಪತ್ರೆಯ ಹೆರಿಗೆ ದಫ್ತರಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಆರಂಭವಾಗಿ, ಊರವರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಮೊದಲುಗೊಂಡು, ಅಲ್ಲಿ ಜನಿಸಿದ ಶಿಶುಗಳ ತೂಕವೆಷ್ಟು, ಉದ್ದವೆಷ್ಟು, ತಲೆಯ ಸುತ್ತಳತೆಯೆಷ್ಟು, ಬಸುರಿಯಾಗಿದ್ದಾಗ ತಾಯಿ ಎಷ್ಟು ತೂಗುತ್ತಿದ್ದಳು ಎಂಬುದನ್ನೆಲ್ಲ ದಫ್ತರಗಳಲ್ಲಿ ಬರೆದಿರಿಸುವ ಪದ್ಧತಿಯಿದ್ದಿತು. ಹೆರಿಗೆಯ ಮನೆಯ ಗಡಿಬಿಡಿಯ ನಡುವೆ ಪೌಂಡು ಅಂಗುಲಗಳ ಲೆಕ್ಕವನ್ನು ಶ್ರದ್ಧೆಯಿಂದ ಬರೆದ ಆ ದಾದಿಯರಿಗೆ, ತಾವು ಬರೆಯುತ್ತಿರುವುದು ಅಂದಿನ ಶಿಶುವಿನ ಸಂಗತಿ ಮಾತ್ರವಲ್ಲ, ಅರವತ್ತು ವರ್ಷಗಳ ತರುವಾಯ ಅದೇ ಜೀವಿಯ ಎದೆಯಲ್ಲಿ ಕಾಣಿಸಿಕೊಳ್ಳಬಹುದಾದ ವ್ಯಾಧಿಯ ಪೂರ್ವಸೂಚನೆಯೂ ಹೌದೆಂಬುದು ಹೇಗೆ ತಾನೆ ಹೊಳೆದೀತು?

ಆ ದಫ್ತರಗಳು ಗೆದ್ದಲಿಗೆ ತುತ್ತಾಗದೆ ಉಳಿದುಬಂದುದು ನಮ್ಮ ನಾಡಿನ ಭಾಗ್ಯವೆಂದೇ ನನ್ನ ಭಾವನೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರು ಇಲ್ಲಿಯ ವೈದ್ಯರೊಡಗೂಡಿ, 1934ರಿಂದ 1954ರ ವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಅದರ ಸುತ್ತಮುತ್ತಲೇ ನೆಲಸಿದ್ದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ, ಅವರ ಹೃದಯವನ್ನು ಪರೀಕ್ಷಿಸಿ, ಕಂಡುದನ್ನು ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ತೂಗಿ ನೋಡಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಫಲಿತಾಂಶವು ಹೀಗಿದ್ದಿತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ ಮೂವರಲ್ಲಿ ಮಾತ್ರ ಇದ್ದಿತು. ಈ ವ್ಯತ್ಯಾಸವು ವಯಸ್ಸು 45 ದಾಟಿದವರಲ್ಲಿ ಇನ್ನೂ ಸ್ಪಷ್ಟವಾಗಿ ತೋರಿತು. ತಾವು ಹುಟ್ಟುವಾಗ ಅಷ್ಟು ಕೃಶರಾಗಿದ್ದುದಲ್ಲದೆ, ತಮ್ಮ ತಾಯಂದಿರೂ ಬಸುರಿನಲ್ಲಿ 45 ಕಿಲೋ ಮುಟ್ಟದಿದ್ದವರ ಪೈಕಿಯಂತೂ ಐವರಲ್ಲಿ ಒಬ್ಬರು ಹೃದ್ರೋಗಿಗಳು.

ಬಾರ್ಕರ್ ಅವರಿಗೆ ಈ ಜಾಡು ದೊರೆತುದು ಅವರ ಸ್ವದೇಶದಲ್ಲಿ. ಹರ್ಟ್‌ಫರ್ಡ್‌ಷೈರ್ ಎಂಬ ಪ್ರಾಂತದಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿ 1911ರಿಂದ ಶಿಶುಗಳ ತೂಕವನ್ನು ಬರೆದಿಡಲಾಗುತ್ತಿದ್ದಿತು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ಹಗುರವಾಗಿದ್ದ ಗಂಡುಮಕ್ಕಳೇ ಮುಂದೆ ಹೃದಯಾಘಾತದಿಂದ ಹೆಚ್ಚಾಗಿ ಸತ್ತರೆಂಬುದು ಆ ದಾಖಲೆಗಳಿಂದ ತಿಳಿದುಬಂದಿತು. ಹಾಲೆಂಡಿನಲ್ಲಿ 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಜನ ಹಸಿವಿನಿಂದ ಕಂಗೆಟ್ಟಿದ್ದಾಗ ಗರ್ಭಸ್ಥರಾಗಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗಲೂ, ಅವರ ದೇಹವು ಸಕ್ಕರೆಯನ್ನು ನಿಭಾಯಿಸುವ ಶಕ್ತಿಯಲ್ಲಿ ಕುಂದಿದ್ದುದು ಕಂಡುಬಂದಿತು.

ಇದರ ಮರ್ಮವೇನು? ತಾಯಿಯಿಂದ ಬರುವ ಆಹಾರ ಸಾಲದೆಹೋದಾಗ ಗರ್ಭದಲ್ಲಿರುವ ಶಿಶು, ಬಡ ಸಂಸಾರದ ಯಜಮಾನಿ ಇರುವಷ್ಟರಲ್ಲಿಯೇ ಅತ್ಯವಶ್ಯವಾದುದಕ್ಕೆ ಮೊದಲು ತೆಗೆದಿರಿಸುವಂತೆ, ರಕ್ತವನ್ನು ಮೊದಲು ಮೆದುಳಿಗೆ ಹರಿಸಿ, ಮೂತ್ರಪಿಂಡ, ಮೇದೋಜೀರಕ, ಸ್ನಾಯುಗಳ ಪಾಲನ್ನು ಕಡಿತಗೊಳಿಸುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಶೋಧಿಸುವ ಸೂಕ್ಷ್ಮ ಘಟಕಗಳು ಜನನಕ್ಕೆ ಮುಂಚೆಯೇ ರೂಪುಗೊಂಡು ಮುಗಿಯುವುದರಿಂದ, ಆಗ ಕಡಿಮೆಯಾದುದನ್ನು ಅನಂತರದ ಯಾವ ಪುಷ್ಟಿಯೂ ತುಂಬಿಕೊಡಲಾರದು. ಜೀವ ಉಳಿಯುತ್ತದೆ, ನಿಜ. ಆದರೆ ಅಲ್ಪಾಹಾರಕ್ಕೆ ಹೊಂದಿಕೊಂಡು ಕಟ್ಟಿದ ಆ ದೇಹವು ಮುಂದೆ ಪಟ್ಟಣದ ಕುಳಿತ ಕೆಲಸವನ್ನೂ ಸಮೃದ್ಧವಾದ ಊಟವನ್ನೂ ಎದುರಿಸಬೇಕಾಗಿ ಬಂದಾಗ ರಕ್ತದೊತ್ತಡವಾಗಿಯೋ ಮಧುಮೇಹವಾಗಿಯೋ ಸೋಲುತ್ತದೆ.

ಹಾಗಾದರೆ ತಪ್ಪು ತಾಯಿಯದೇ ಎಂದು ಯಾರಾದರೂ ಎಣಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆಕೆ 45 ಕಿಲೋ ಮುಟ್ಟಲಿಲ್ಲವೆಂದರೆ, ಆಕೆಯ ಬಾಲ್ಯದಲ್ಲಿ ಅಣ್ಣತಮ್ಮಂದಿರ ತಟ್ಟೆಗೆ ಬಿದ್ದ ಹಾಲು ತುಪ್ಪ ಆಕೆಯ ತಟ್ಟೆಗೆ ಬೀಳಲಿಲ್ಲ, ಮೈ ಬೆಳೆದು ಮುಗಿಯುವುದಕ್ಕೆ ಮುಂಚೆಯೇ ಮದುವೆಯಾಯಿತು, ತಿಂಗಳು ತುಂಬುವವರೆಗೂ ನೀರು ಹೊರುವುದೂ ಕಳೆ ತೆಗೆಯುವುದೂ ತಪ್ಪಲಿಲ್ಲ, ಸೌದೆಯ ಒಲೆಯ ಮುಂದೆ ಕುಳಿತು ಎಳೆದುಕೊಂಡ ಹೊಗೆ ಹೊಟ್ಟೆಯೊಳಗಿನ ಕೂಸಿನ ತೂಕವನ್ನೂ ತಗ್ಗಿಸಿತು ಎಂದೇ ಬಹುಮಟ್ಟಿಗೆ ಅರ್ಥ. ಹೆಣ್ಣುಶಿಶುವಿನ ಅಂಡಾಣುಗಳು ಅದು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಉತ್ಪನ್ನವಾಗುತ್ತವೆ. ಆದಕಾರಣ ನಮ್ಮಲ್ಲಿ ಪ್ರತಿಯೊಬ್ಬರ ಆದಿಬೀಜವೂ ಅಜ್ಜಿಯ ಒಡಲಿನಲ್ಲಿ, ಅವಳು ಉಂಡ ಅನ್ನದ ಬಲದಿಂದ ಮೂಡಿದುದು.

ಮೈಸೂರಿನ ದಫ್ತರಗಳು ಮಧುಮೇಹದ ವಿಷಯದಲ್ಲಿ ಮಾತ್ರ ಬೇರೊಂದು ಸಂಗತಿಯನ್ನು ಹೊರಗೆಡಹಿದುವು. ಇಂಗ್ಲೆಂಡಿನಲ್ಲಿ ಆ ರೋಗ ಹಗುರವಾಗಿ ಹುಟ್ಟಿದವರನ್ನು ಹೆಚ್ಚಾಗಿ ಹಿಡಿದರೆ, ಇಲ್ಲಿ ಅದು ಕಂಡುಬಂದುದು ಉದ್ದದಲ್ಲಿ ಗಿಡ್ಡವಾಗಿ, ಆ ಉದ್ದಕ್ಕೆ ಹೆಚ್ಚು ದುಂಡಗಾಗಿ, ತೂಕವುಳ್ಳ ತಾಯಂದಿರಿಗೆ ಹುಟ್ಟಿದವರಲ್ಲಿ. ಕೃಶವಾಗಿ ಹುಟ್ಟಿದ ಹುಡುಗಿ ಮುಂದೆ ಮೈ ತುಂಬಿಕೊಂಡು ಬಸುರಿಯಾದಾಗ ಅವಳ ರಕ್ತದಲ್ಲಿ ಸಕ್ಕರೆ ಏರಿ, ಅದು ಮಗುವಿಗೆ ಕೊಬ್ಬಾಗಿ ಸಂಕ್ರಮಿಸುತ್ತಿರಬಹುದೆ ಎಂಬ ಪ್ರಶ್ನೆಯನ್ನು ಹಿಡಿದು, ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ‘ಪಾರ್ಥೆನಾನ್’ ಅಧ್ಯಯನವು ಮೊದಲಾಯಿತು. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿದ್ದುದನ್ನು ಅದು ತೋರಿಸಿತು. ಅದೇ ಅಧ್ಯಯನದಲ್ಲಿ ರಕ್ತಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ-12 ಜೀವಸತ್ವದ ಕೊರತೆಯಿದ್ದಿತು. ಹಾಲು, ಮೊಸರು, ಮೊಟ್ಟೆ, ಮಾಂಸಗಳಂಥ ಪ್ರಾಣಿಮೂಲದ ಆಹಾರಗಳಲ್ಲಿ ಮಾತ್ರ ಸಹಜವಾಗಿ ದೊರೆಯುವ ಸತ್ವವದು.

ಹುಟ್ಟಿದ ಮೇಲೂ ನೆಲ ನೀರುಗಳ ಹಿಡಿತ ಸಡಿಲಗೊಳ್ಳುವುದಿಲ್ಲ. ಪಾವಗಡ, ಮುಂಡರಗಿ ಸೀಮೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದ ಕಡೆಗಳಲ್ಲಿ, ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಎಳೆಯ ವರ್ಷಗಳಲ್ಲಿ ಆ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಕಂದುಗೆರೆಗಳು ಮೂಡಿ ಜನ್ಮಪರ್ಯಂತ ಉಳಿಯುತ್ತವೆ; ಅದೇ ನೀರನ್ನು ದಶಕಗಳ ಕಾಲ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ದುಡಿಮೆಯ ವಯಸ್ಸಿನಲ್ಲಿ ಅಂತಸ್ತು ಮಾಡುವ ಕೆಲಸವನ್ನು 1967ರಲ್ಲಿ ಲಂಡನ್ನಿನ ಸರಕಾರಿ ನೌಕರರ ಮೇಲೆ ಆರಂಭವಾದ ‘ವೈಟ್‌ಹಾಲ್’ ಅಧ್ಯಯನದಲ್ಲಿ ಕಾಣಬಹುದು. ಎಲ್ಲರಿಗೂ ಉಚಿತ ಚಿಕಿತ್ಸೆಯಿದ್ದ ಆ ದೇಶದಲ್ಲಿಯೂ ಕೆಳದರ್ಜೆಯ ನೌಕರರು ಮೇಲಧಿಕಾರಿಗಳ ಮೂರು ಪಟ್ಟು ಪ್ರಮಾಣದಲ್ಲಿ ಸಾಯುತ್ತಿದ್ದರು. ಧೂಮಪಾನವೇ ಮೊದಲಾದ ಚಟಗಳು ಆ ಅಂತರದ ಒಂದಂಶಕ್ಕೆ ಮಾತ್ರ ಕಾರಣವಾಗಿದ್ದುವು.

ಹೃದಯ ಹಿಡಿದುಕೊಂಡು ಬಂದ ಐವತ್ತರ ರೋಗಿಗೆ ‘ನಡೆಯಿರಿ, ಎಣ್ಣೆ ಬಿಡಿ’ ಎಂದು ವೈದ್ಯರು ಹೇಳುವುದು ಯುಕ್ತವೇ. ಅದರಿಂದ ಲಾಭವೂ ಉಂಟು. ಆದರೆ ಸಮಾಜವು ಅಷ್ಟಕ್ಕೇ ತೃಪ್ತಿಪಟ್ಟುಕೊಂಡು, ರೋಗವೆಂಬುದು ರೋಗಿಯ ನಾಲಗೆಯ ಚಾಪಲ್ಯದ ಫಲವೆಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ರೋಗವನ್ನು ಬೇರಿನಲ್ಲಿಯೇ ತಡೆಯುವ ದಾರಿಯೂ ನಮ್ಮಲ್ಲಿ ಇಲ್ಲದಿಲ್ಲ. ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿ ಯೋಜನೆ ಕಾಲಿರಿಸಿತು. 2017ರಿಂದ ‘ಮಾತೃಪೂರ್ಣ’ ಯೋಜನೆಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅನ್ನ, ಸಾರು, ಸೊಪ್ಪು, ಹಾಲು, ಮೊಟ್ಟೆಗಳ ಬಿಸಿಯೂಟ ಅಂಗನವಾಡಿಯಲ್ಲಿಯೇ ದೊರೆಯತಕ್ಕದ್ದೆಂಬ ಏರ್ಪಾಡಾಯಿತು. ಇದನ್ನು ಬಡವರಿಗೆ ಇಕ್ಕುವ ದಾನವೆಂದು ಭಾವಿಸುವವರು ಅದರ ತೂಕವನ್ನು ಅರಿಯರು. ಹೃದಯದ ಚಿಕಿತ್ಸೆಗೆ ನಾವು ವ್ಯಯಿಸುವ ಹಣದ ಮುಂದೆ ಅತ್ಯಲ್ಪವಾದ ಈ ವೆಚ್ಚವು, ಹೃದಯವಿನ್ನೂ ರೂಪುಗೊಳ್ಳುತ್ತಿರುವಾಗಲೇ ಅದಕ್ಕೆ ಕೊಡುವ ಔಷಧ.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಬಸುರಿ ಹೆಣ್ಣುಮಗಳು ಎಲ್ಲರೂ ಎದ್ದ ಮೇಲೆ ಮಿಕ್ಕುದನ್ನು ಉಣ್ಣುವ ರೂಢಿಯಿದ್ದರೆ ಇಂದೇ ಅದನ್ನು ನಿಲ್ಲಿಸಿ, ಮೊದಲ ಎಲೆ ಅವಳಿಗೆ ಹಾಕಿ. ನಿಮ್ಮ ಬೀದಿಯ ಅಂಗನವಾಡಿಗೂ ಒಮ್ಮೆ ಹೋಗಿ, ಗರ್ಭಿಣಿಯರು ಅಲ್ಲಿಗೆ ಬರುತ್ತಿರುವರೆ, ಹಾಲು ಮೊಟ್ಟೆಗಳು ಕಾಲಕ್ಕೆ ಸರಿಯಾಗಿ ಒದಗುತ್ತಿರುವುವೆ ಎಂದು ವಿಚಾರಿಸಿ. ಒದಗದಿದ್ದರೆ ಪಂಚಾಯಿತಿಯವರನ್ನು ಕೇಳಿ.